ತಲೆಗೆ ಬಿದ್ದ ನೀರು

ಹಿತ್ತಾಳೆಯ ಚೊಂಬು ತಾಮ್ರದ ಹಂಡೆಯ ಅಂಚಿಗೆ ತಗಲಿದಾಗ ಏಳುವ ಸದ್ದು ನಿಮ್ಮ ಕಿವಿಯಲ್ಲಿ ಇನ್ನೂ ಉಳಿದಿದ್ದರೆ ನೀವೂ ಹೆಚ್ಚುಕಡಿಮೆ ನನ್ನ ವಯಸ್ಸಿನವರೇ ಇರಬೇಕು. ಟಣ್ ಎಂದು ಶುರುವಾಗಿ, ಚೊಂಬು ನೀರಿಗಿಳಿಯುತ್ತಿದ್ದಂತೆ ಗಂಟಲು ಕಟ್ಟಿಕೊಂಡು, ಬುಳುಕ್ ಎಂದು ಮುಗಿಯುವ ಸದ್ದು. ಎಪ್ಪತ್ತರ ದಶಕದ ಒಂದು ಬೇಸಗೆಯಲ್ಲಿ ಹಿಂದೂಪುರದ ನಮ್ಮ ಮನೆಯ ಬಚ್ಚಲಿನಿಂದ ದಿನಾ ಬೆಳಿಗ್ಗೆ ಬರುತ್ತಿದ್ದ ಆ ಸದ್ದನ್ನು ನಾನು ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು, ಲೋಟದಲ್ಲಿ ಕಾಫಿ ಆರಿಹೋಗುತ್ತಿದ್ದರೂ ಲೆಕ್ಕಿಸದೆ, ಮಫ್ತಿಯಲ್ಲಿರುವ ಪೊಲೀಸಿನವರ ಹಾಗೆ ಆಲಿಸುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದು ಸದ್ದಲ್ಲ, ಸದ್ದಿನ ನಡುವಿನ ಬಿಡುವು. ಒಂದು ಚೊಂಬು ನೀರಿಗೂ ಇನ್ನೊಂದಕ್ಕೂ ನಡುವೆ ಯಾರಾದರೂ ಮೆಲ್ಲಗೆ ಏನಾದರೂ ಪಿಸುಗುಡುತ್ತಿದ್ದಾರೆಯೆ?

ಒಳಗೆ ನೀರೆರೆಸಿಕೊಳ್ಳುತ್ತಿದ್ದದ್ದು ನನ್ನ ತಂಗಿ ಫಿಲೋಮಿನಾಳ ಹಸುಗೂಸು, ಕೃಪಾ. ಎರೆಯುತ್ತಿದ್ದವಳು ನರಸಮ್ಮ, ನಮ್ಮ ಬೀದಿಯ ಎಷ್ಟೋ ಕೂಸುಗಳನ್ನು ತನ್ನ ಚಾಚಿದ ಕಾಲುಗಳ ಮೇಲೆ ಬೋರಲು ಮಲಗಿಸಿಕೊಂಡು ಎರೆದು ದೊಡ್ಡವರನ್ನಾಗಿ ಮಾಡಿದವಳು. ಬಿಸಿನೀರಿಗೆ ತಣ್ಣೀರು ಬೆರೆಸಿಕೊಡುತ್ತ ಪಕ್ಕದಲ್ಲಿ ನಿಂತಿರುತ್ತಿದ್ದವಳು ನಮ್ಮಮ್ಮ. ಅನುಮಾನವೆಲ್ಲ ಅಮ್ಮನ ಮೇಲೆ.

ಕೂಸಿನ ತಲೆಗೆ ನೀರು ಹಾಕುವುದರಲ್ಲಿ ಅನುಮಾನಪಡುವಂಥದ್ದು ಏನಿದೆ ಎಂದು ನೀವು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇನೆ. ನಮ್ಮದು ಹಳೆಯ ಕ್ಯಾಥೊಲಿಕ್ ಮನೆತನ. ಕೂಸು ಹುಟ್ಟಿ ನೆಟ್ಟಗೆ ಕಣ್ಣು ಬಿಡುವಷ್ಟರಲ್ಲಿ ಅದನ್ನು ಚರ್ಚಿಗೆ ಎತ್ತಿಕೊಂಡು ಹೋಗಿ ಜ್ಞಾನಸ್ನಾನ ಮಾಡಿಸುವುದು ನಮ್ಮಲ್ಲಿ ರೂಢಿ. ತಲೆಯ ಮೇಲೆ ನೀರು, ನೀರಿನ ಜೊತೆಗೆ ಪಿತ, ಸುತ, ಪವಿತ್ರಾತ್ಮರ ಹೆಸರು. ಫಿಲೋಮಿನಾಳ ಗಂಡ ಜೀವರತ್ನಂ ಕೂಡ ಅಂಥದೇ ಮನೆಯಲ್ಲಿ ಹುಟ್ಟಿದವನು, ಕಲ್ಯಾಣದುರ್ಗದ ಕಡಲೆಕಾಯಿ ಮಿಲ್ಲಿನಲ್ಲಿ ಫಿಟ್ಟರ್. ಮದುವೆಯೂ ನಮ್ಮ ಚರ್ಚಿನಲ್ಲೇ ನಡೆಯಿತು. ಆದರೆ ಮರುವರ್ಷ ಮಿಲ್ಲಿನ ಹಿಂದಿನ ಬಯಲಿನಲ್ಲಿ ಯಾರೋ ಬೋಧಕರು ಟೆಂಟು ಹಾಕಿ ಕೂಟ ನಡೆಸಿದಾಗ ಆತ ಸುಮ್ಮನೆ ನೋಡಿ ಬರೋಣವೆಂದು ಹೋಗಿ ಕೂತವನು, ಅತ್ತು, ಎದ್ದು, ಕೆಲವೇ ದಿನಗಳಲ್ಲಿ ಕೆರೆಯೊಂದರಲ್ಲಿ ಇಡಿಯಾಗಿ ಮುಳುಗಿ ಎರಡನೆಯ ಸಲ ಸ್ನಾನ ತೆಗೆದುಕೊಂಡು ವಿಶ್ವಾಸಿಗಳ ಸಭೆಗೆ ಸೇರಿಬಿಟ್ಟ. ಆ ಸಭೆಯವರ ಪ್ರಕಾರ ಕೂಸಿಗೆ ಕೊಡುವ ಸ್ನಾನ ಸ್ನಾನವೇ ಅಲ್ಲ. ಬುದ್ಧಿ ಬಲಿತು, ತನ್ನ ತಪ್ಪು ತನಗೆ ತಿಳಿದು, ನಂಬಿದ್ದೇನೆ ಎಂದು ಸ್ವಂತ ಬಾಯಿಂದ ಹೇಳುವವರೆಗೆ ಯಾರ ತಲೆಗೂ ನೀರು ಬೀಳಕೂಡದು.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಲ್ಲ, ಅದಕ್ಕೆ ಮಾತ್ರ ಆತ ಅಡ್ಡಿ ಮಾಡಲಿಲ್ಲ. ಆದರೆ ಮಗುವನ್ನು ನೋಡಲು ಬಂದ ಮೊದಲ ದಿನವೇ, ಕೈಗೆ ಕೊಟ್ಟ ಕಾಫಿಯನ್ನು ಕುಡಿಯುವ ಮುಂಚೆ, ಹಜಾರದಲ್ಲಿ ನಿಂತುಕೊಂಡೇ ಹೇಳಿಬಿಟ್ಟ.

"ಅತ್ತಮ್ಮಾ, ಈಗ್ಲೇ ಹೇಳ್ಬುಡ್ತೀನಿ. ಮಗೀಗೆ ನೀರು ಗೀರು ಅಂತ ಏನಾದ್ರೂ ಮಾಡುದ್ರೆ ಬಾಣಂತನ ಅರ್ಧಕ್ಕೇ ಬುಟ್ಟು ಇಬ್ಬರ್ನೂ ಕರ್ಕೊಂಡು ಹೋಯ್ತೀನಿ. ಆಮೇಲೆ ಅವ್ಳು ಈ ಮನೆ ಹೊಸ್ಲು ತುಳಿಯಾಕಿಲ್ಲ."

"ನಿಂಗೂ ಕೂಸಾಗಿದ್ದಾಗ್ಲೇ ಹಾಕಿದ್ದು ಕಣಪ್ಪ," ಎಂದಳು ಅಮ್ಮ. "ಏನು, ಸವೆದೋದ್ಯಾ?"

"ಆವಾಗ ನನ್ನನ್ನ ಯಾರು ಕೇಳುದ್ರು?"

"ಹೆಸರಿಡೋವಾಗ ಕೇಳುದ್ರಾ? ಸಿಡುಬಿನ ದಾಕು ಹಾಕ್ಸೋವಾಗ ಕೇಳುದ್ರಾ? ನಿಮ್ಮವ್ವ ಹಾಲು ಕುಡಿಸೋವಾಗ, ನಂಬ್ತೀಯೇನೋ ಮಗನೇ ಅಂತ ಕೇಳಿ ಕುಡಿಸಿದ್ಲಾ?"

ಅಮ್ಮನ ಮಾತಿಗೆ ಸೋತು ಆತ ಕಾಫಿ ಕುಡಿದನಾದರೂ ಬೆದರಿಕೆಯನ್ನು ಹಿಂದೆಗೆದುಕೊಳ್ಳಲಿಲ್ಲ. ಒಳಗಿನ ಕೋಣೆಯಲ್ಲಿ ಮಲಗಿದ್ದ ಫಿಲು ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಳು. ಹೀಗೆ ಒಂದು ಅಂಗೈ ನೀರಿನ ಮೇಲೆ ನನ್ನ ತಂಗಿಗೆ ತವರುಮನೆ ಉಳಿಯುವುದೋ ಇಲ್ಲವೋ ಎಂಬುದು ನಿಂತುಬಿಟ್ಟಿತು. ನಾನು ಬಚ್ಚಲಿನ ಸದ್ದಿಗೆ ಕಿವಿ ಕೊಟ್ಟು ನಿಲ್ಲುತ್ತಿದ್ದದ್ದು ಅದಕ್ಕೇ.

ಅಮ್ಮನ ಸಂಕಟವೂ ನನಗೆ ಅರ್ಥವಾಗುತ್ತಿತ್ತು. ನಾನು ಓದಿದ್ದು ಬೋರ್ಡಿಂಗ್ ಇದ್ದ ಕಾನ್ವೆಂಟಿನಲ್ಲಿ. ಅಲ್ಲಿ ಕ್ಯಾಟೆಕಿಸಮ್, ಅಂದರೆ ಧರ್ಮದ ಪಾಠ, ಹೇಳಿಕೊಡುತ್ತಿದ್ದ ಸಿಸ್ಟರ್ ಒಬ್ಬರು, ಸ್ನಾನವಾಗದೆ ಸತ್ತ ಕೂಸುಗಳು ಲಿಂಬೋ ಎಂಬಲ್ಲಿಗೆ ಹೋಗುತ್ತವೆ, ಅಲ್ಲಿ ನೋವಿಲ್ಲ, ಆದರೆ ದೇವರ ಮುಖವೂ ಕಾಣುವುದಿಲ್ಲ ಎಂದು ಎಷ್ಟು ನಯವಾದ ಇಂಗ್ಲಿಷಿನಲ್ಲಿ ವರ್ಣಿಸುತ್ತಿದ್ದರೆಂದರೆ, ನನ್ನ ಕಣ್ಣಿಗೆ ಅದು ಗುಂತಕಲ್ ಜಂಕ್ಷನ್ನಿನ ವೇಟಿಂಗ್ ರೂಮಿನ ಹಾಗೆ ಕಾಣುತ್ತಿತ್ತು. ಫ್ಯಾನು ತಿರುಗುತ್ತಿದೆ, ಬೆಂಚುಗಳ ತುಂಬ ಕೂಸುಗಳು, ಯಾವ ರೈಲೂ ಬರುವುದಿಲ್ಲ. ಅಂಥ ಗತಿ ಯಾವ ಕೂಸಿಗೂ ಬರಬಾರದೆಂದು ಎಮರ್ಜೆನ್ಸಿ ಸ್ನಾನವನ್ನೂ ಅವರೇ ಕಲಿಸಿದರು. ಪಾದ್ರಿಗಳೇ ಬೇಕೆಂದಿಲ್ಲ, ಯಾರು ಬೇಕಾದರೂ ಕೊಡಬಹುದು. ಕ್ರೈಸ್ತರಲ್ಲದವರೂ, ಚರ್ಚು ಯಾವ ಉದ್ದೇಶದಿಂದ ಮಾಡುತ್ತದೋ ಅದೇ ಉದ್ದೇಶದಿಂದ ಮಾಡುತ್ತೇನೆಂಬ ಮನಸ್ಸಿದ್ದರೆ, ಕೊಡಬಹುದು. ನೀರು ತಲೆಯ ಮೇಲೆ ಹರಿಯಬೇಕು, ಮಾತು ತಪ್ಪಬಾರದು. ಪ್ರಾಕ್ಟೀಸಿಗೆಂದು ಒಂದು ಗೊಂಬೆಯಿತ್ತು. ತರಗತಿಯ ಹುಡುಗಿಯರೆಲ್ಲ ಸರದಿಯ ಮೇಲೆ ನೀರು ಸುರಿದು ಸುರಿದು, ಹೊಟ್ಟೆಯೊಳಗಿನ ಮರದಪುಡಿ ಉಬ್ಬಿ ಅದು ಹೊಲಿಗೆ ಬಿಚ್ಚಿಕೊಂಡು ಸತ್ತೇಹೋಯಿತು. ಅಷ್ಟು ಸಲ ಸ್ನಾನವಾದ ಆತ್ಮ ಈ ಭೂಮಿಯ ಮೇಲೆ ಇನ್ನೊಂದಿಲ್ಲವೆಂದು ನಾವು ನಕ್ಕು ಪನಿಶ್‌ಮೆಂಟ್ ತಿಂದೆವು.

ಅಮ್ಮ ನಮ್ಮ ಚರ್ಚಿನ ಫಾದರ್ ಹತ್ತಿರವೂ ಹೋಗಿ ಬಂದಳು. ಕದ್ದಾದರೂ ಸರಿ, ಒಂದು ತೊಟ್ಟು ಹಾಕಿಕೊಡಿ ಎಂದು ಕೇಳಿರಬೇಕು. ಅವರು ಒಪ್ಪಲಿಲ್ಲ. ತಂದೆತಾಯಿ ಬೇಡವೆಂದ ಮೇಲೆ ಕೊಡುವ ಹಾಗಿಲ್ಲ, ಆ ಮಗು ಈ ವಿಶ್ವಾಸದಲ್ಲೇ ಬೆಳೆಯುತ್ತದೆಂಬ ಭರವಸೆಯಾದರೂ ಬೇಡವೇ ಎಂದು ತಿಳಿಹೇಳಿ, ಕೊನೆಗೆ ಬಾಗಿಲವರೆಗೆ ಬಂದು ಒಂದು ಮಾತು ಸೇರಿಸಿದರಂತೆ: "ಪ್ರಾಣಾಪಾಯ ಆದರೆ ಬೇರೆ ವಿಷಯ ಅಮ್ಮ."

ಆ ಒಂದು ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದ ಅಮ್ಮನಿಗೆ ಅಂದಿನಿಂದ ನಮ್ಮ ಮನೆಯಲ್ಲಿ ಪ್ರಾಣಾಪಾಯವಲ್ಲದ ಗಳಿಗೆಯೇ ಇಲ್ಲವಾಯಿತು. ಕೂಸು ಸೀನಿದರೆ ನ್ಯುಮೋನಿಯಾ. ಬಿಕ್ಕಳಿಸಿದರೆ ಉಸಿರುಗಟ್ಟುತ್ತಿದೆ. ಹಾಲು ಕಕ್ಕಿದರೆ ಕಾಲರಾ. ಪ್ರತಿಸಲವೂ ಅವಳ ಕಣ್ಣು ಮೊದಲು ಕೂಸಿನ ಮೇಲೆ, ಆಮೇಲೆ ನೀರಿನ ಬಿಂದಿಗೆಯ ಮೇಲೆ. ಅತ್ತ ಜೀವರತ್ನಂನದು ಇದಕ್ಕೆ ತಿರುಗುಮುರುಗು. ಒಂದು ಕಾಲಕ್ಕೆ ತಾನೂ ಕ್ಯಾಥೊಲಿಕ್ಕನೇ ಆಗಿದ್ದರಿಂದ ಆತನಿಗೆ ಈ ಕಾಯಿದೆಯ ಸಂದುಗೊಂದುಗಳೆಲ್ಲ ಗೊತ್ತು. ಹಾಗಾಗಿ ಆತನ ಮಗಳಿಗೆ ಕಾಯಿಲೆ ಎಂಬುದೇ ಬರಕೂಡದು. ವಾರದ ರಜೆಗೆ ಬಂದಾಗ ಕೂಸು ಕೆಮ್ಮಿ ಕೆಮ್ಮಿ ಕೆಂಪಾಗಿದ್ದರೂ, "ಏಮೀ ಲೇದು, ಬರೀ ನೆಗಡಿ," ಎನ್ನುತ್ತಿದ್ದ. ಒಬ್ಬರಿಗೆ ಎಲ್ಲವೂ ಸಾವು, ಇನ್ನೊಬ್ಬರಿಗೆ ಎಲ್ಲವೂ ನೆಗಡಿ. ಇಬ್ಬರಲ್ಲಿ ಯಾರೂ ಕೂಸನ್ನು ಕೂಸೆಂದು ನೋಡುತ್ತಿಲ್ಲವಲ್ಲ ಎಂದು ನನಗೆ ಇಬ್ಬರ ಮೇಲೂ ಗುಮಾನಿ.

ನರಸಮ್ಮನೂ ಈ ಗುಮಾನಿಯಿಂದ ತಪ್ಪಿಸಿಕೊಳ್ಳಲಿಲ್ಲ. ಎರೆದು ಮುಗಿಸಿದ ಮೇಲೆ ಅಂಗೈಯಲ್ಲಿ ನೀರು ಹಿಡಿದು, ಕೂಸಿನ ತಲೆಯ ಸುತ್ತ ಮೂರು ಸಲ ನಿವಾಳಿಸಿ, ಏನೋ ಹರಸಿ ಚೆಲ್ಲುವುದು ಅವಳ ಪದ್ಧತಿ. ಮೂರು ಸಲ! ನೀರು, ತಲೆ, ತುಟಿಯಲ್ಲಿ ಮಾತು! ಒಂದು ಶನಿವಾರ ಜೀವರತ್ನಂ ಅದನ್ನು ಕಂಡವನೇ ಬಚ್ಚಲಿನ ಬಾಗಿಲಲ್ಲಿ ಅಡ್ಡ ನಿಂತ.

"ಏನದು ಅಂತಿದ್ದಿದ್ದು? ಅತ್ತಮ್ಮ ಹೇಳ್ಕೊಟ್ರಾ? ಇನ್ನೊಂದ್ಸಲ ಜೋರಾಗಿ ಅನ್ನು."

ನರಸಮ್ಮ ಕೂಸನ್ನು ಟವೆಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು, ಕುಳಿತಲ್ಲಿಂದಲೇ ಆತನನ್ನು ಮೇಲಿಂದ ಕೆಳಗೆ ನೋಡಿದಳು. "ನೂರೇಳ್ಳು ಬತುಕು ತಲ್ಲೀ, ನೂರು ವರ್ಷ ಬಾಳು ತಾಯೀ ಅಂದೆ ಕಣಪ್ಪ. ಬ್ಯಾಡ್ವಾ? ಬ್ಯಾಡ ಅಂದ್ರೆ ವಾಪಸ್ ತಗೊತೀನಿ. ಎಷ್ಟಕ್ಕೆ ಇಳಿಸ್ಲಿ, ನೀನೇ ಹೇಳು. ಅರವತ್ತು ಸಾಕಾ?"

ಒಳಗಿನಿಂದ ಫಿಲು ಕಿಸಕ್ಕನೆ ನಕ್ಕಳು. ಹೆರಿಗೆಯಾದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಜೀವರತ್ನಂ ಕಿವಿಯವರೆಗೆ ಕೆಂಪಾಗಿ, "ನೂರೇ ಇರ್ಲಿ," ಎಂದು ಗೊಣಗಿ ಹೊರಗೆ ಹೋದ. ಅಮ್ಮ ಮಾತ್ರ ನಗಲಿಲ್ಲ. ಅವಳು ನರಸಮ್ಮನ ಅಂಗೈಯನ್ನೇ ನೋಡುತ್ತಿದ್ದಳು, ಇದು ತನಗೆ ಯಾಕೆ ಇಷ್ಟು ದಿನ ಹೊಳೆಯಲಿಲ್ಲ ಎಂಬ ಹಾಗೆ. ಮರುದಿನದಿಂದ ನಾನು ಅಡುಗೆಮನೆಯ ಬಾಗಿಲು ಬಿಟ್ಟು ಬಚ್ಚಲಿನ ಬಾಗಿಲಿಗೇ ಬಂದು ನಿಂತೆ.

ಹೀಗಿರುವಾಗ ಕೃಪಾಳಿಗೆ ನಿಜವಾಗಿಯೂ ಜ್ವರ ಬಂತು. ಶನಿವಾರ ಮಧ್ಯಾಹ್ನ ಜೀವರತ್ನಂ ಬಂದಿಳಿಯುವ ಹೊತ್ತಿಗೆ ಮೈ ಕಾದ ಹೆಂಚಾಗಿತ್ತು. ಅಮ್ಮ ಎದ್ದು, "ಈ ಸಲ ಆಟ ಅಲ್ಲ ಕಣಪ್ಪ, ಕೂಸು ಉಳಿಯೋ ಹಂಗೆ ಕಾಣ್ತಿಲ್ಲ. ಸಿಸ್ಟರ್‌ಗಳ ಡಿಸ್ಪೆನ್ಸರಿಗೆ ಕರ್ಕೊಂಡು ಹೋಗೋಣ," ಎಂದಳು. ಡಿಸ್ಪೆನ್ಸರಿ ನಮ್ಮ ಮನೆಗೆ ಕೂಗಳತೆ. ಆದರೆ ಪ್ರಾಣಾಪಾಯವೆಂದು ಕೂಗಿ ಕೂಗಿ ಅಮ್ಮನ ದನಿಗೆ ಬೆಲೆ ಉಳಿದಿರಲಿಲ್ಲ. ಆತನ ಕಿವಿಗೆ ಬಿದ್ದದ್ದು ಸಿಸ್ಟರ್ ಎಂಬ ಒಂದೇ ಪದ. ಅಲ್ಲಿಗೆ ಕರೆದೊಯ್ದರೆ ಇಂಜೆಕ್ಷನ್ನಿಗಿಂತ ಮುಂಚೆ ನೀರು ಬೀಳುತ್ತದೆಂದು ಆತ ತೀರ್ಮಾನಿಸಿಬಿಟ್ಟ.

"ಬರೀ ಜ್ವರ. ನಮ್ಮೂರಲ್ಲಿ ಡಾಕ್ಟರವ್ರೆ. ಫಿಲೂ, ಬಟ್ಟೆ ಕಟ್ಟು. ನಾಲ್ಕು ಗಂಟೆ ಬಸ್ಸಿಗೆ ಹೋಗ್ಬುಡಾನ."

ಕೂಗಳತೆಯ ಔಷಧಿಯನ್ನು ಬಿಟ್ಟು, ಮಡಕಶಿರಾ, ಪಾವಗಡದ ಮೇಲೆ ರಾತ್ರಿಯವರೆಗೂ ಕುಲುಕಿಕೊಂಡು ಹೋಗುವ ಬಸ್ಸಿನಲ್ಲಿ ಜ್ವರದ ಕೂಸು! ಬೇರೆ ಯಾವ ಜಾತಿಯ, ಯಾವ ಮತದ ಅಪ್ಪನೂ ಮಾಡದ ತಪ್ಪಿದು, ದೇವರನ್ನು ನಮ್ಮಷ್ಟು ನುಣ್ಣಗೆ ಅರೆದು ಕುಡಿದವರು ಮಾತ್ರ ಮಾಡಬಲ್ಲದ್ದು. ನಾನು ಹೇಳಿ ನೋಡಿದೆ, ಫಿಲು ಅತ್ತು ನೋಡಿದಳು. ಆತ ಕೇಳಲಿಲ್ಲ. ಫಿಲು ಅಳುತ್ತಲೇ ಬಟ್ಟೆ ಕಟ್ಟುತ್ತಿದ್ದಳು, ಆತ ಹೊರಗೆ ಜಟಕಾ ನಿಲ್ಲಿಸುತ್ತಿದ್ದ, ನಾನು ಫ್ಲಾಸ್ಕಿಗೆ ಬಿಸಿನೀರು ತುಂಬುತ್ತಿದ್ದೆ. ತಿರುಗಿ ನೋಡಿದರೆ ತೊಟ್ಟಿಲು ಬರಿದು. ಬಚ್ಚಲಿನ ಕಡೆಗೆ ನಾನು ಓಡುವಷ್ಟರಲ್ಲಿ ಅಮ್ಮನೇ ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು. ಕೂಸಿನ ಕೂದಲು ಹಣೆಗೆ ಅಂಟಿಕೊಂಡಿತ್ತು.

ಜೀವರತ್ನಂ ಹೊಸಿಲಲ್ಲೇ ನಿಂತ. "ತಲೆ ಯಾಕೆ ಒದ್ದೆ?"

"ಜ್ವರಕ್ಕೆ ಒದ್ದೆಬಟ್ಟೆ ಹಾಕ್ದೆ."

ಆತ ನನ್ನ ಕಡೆಗೆ ತಿರುಗಿದ. "ಅಕ್ಕಾ, ನೀವು ಓದ್ದೋರು. ನೀವು ಹೇಳಿ."

ಅಮ್ಮನ ಕೈಯಲ್ಲಿ ಒದ್ದೆಬಟ್ಟೆ ಇದ್ದದ್ದು ನಿಜ. ಕಂಡದ್ದನ್ನು ಹೇಳಿದೆ. ಕಾಣದ್ದನ್ನು ಹೇಳುವುದು ಹೇಗೆ? ಜಟಕಾ ಹೊರಟಿತು.

ಎರಡು ದಿನದ ಮೇಲೆ ಮಿಲ್ಲಿನ ಲಾರಿ ಡ್ರೈವರ್ ಒಬ್ಬ ಬಂದು ಕೂಸು ಉಳಿದುಕೊಂಡಿತೆಂದು ಹೇಳಿ ಹೋದ. ಕಲ್ಯಾಣದುರ್ಗದ ಡಾಕ್ಟರು ಒಳ್ಳೆಯವರಂತೆ, ಇಳಿದ ಕೂಡಲೇ ಇಂಜೆಕ್ಷನ್ ಕೊಟ್ಟರಂತೆ. ಅಮ್ಮ ಜಪಮಾಲೆಗೆ ಕೈ ಹಾಕಲಿಲ್ಲ, ಅಳಲಿಲ್ಲ. ಒಳಗೆ ಹೋಗಿ ಉಪ್ಪಿಟ್ಟು ಮಾಡಿ ಆ ಡ್ರೈವರಿಗೆ ಕೊಟ್ಟಳು. ಅದಾದ ಮೇಲೆ ಅವಳು ಜ್ಞಾನಸ್ನಾನದ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಗಮನಿಸಿ, ಮತ್ತೆಂದೂ. ಪುರಾವೆ ಇಲ್ಲದ್ದರಿಂದ ಜೀವರತ್ನಂನ ಬೆದರಿಕೆಯೂ ಜಾರಿಗೆ ಬರಲಿಲ್ಲ. ಕೆಲವು ತಿಂಗಳ ಮುನಿಸಿನ ನಂತರ ಫಿಲು ಮಗಳನ್ನು ಎತ್ತಿಕೊಂಡು ಬಂದಳು, ಆಮೇಲೆ ಪ್ರತಿ ಬೇಸಗೆಗೂ ಬಂದಳು. ಕೃಪಾ ನಮ್ಮ ಅಂಗಳದಲ್ಲಿ ಬಿದ್ದಳು, ಎದ್ದಳು, ಗಾಯ ಮಾಡಿಕೊಂಡಳು, ಅಮ್ಮೋರು ಎದ್ದು ಮಲಗಿದಳು. ಆಗೆಲ್ಲ ಅಮ್ಮ ಬಿಂದಿಗೆಯ ಕಡೆ ಒಂದು ಸಲವೂ ನೋಡಲಿಲ್ಲ. ಸಾಲ ತೀರಿಸಿದವರ ಮುಖದ ಮೇಲೆ ಇರುತ್ತದಲ್ಲ, ಅಂಥದೊಂದು ನಿರಾಳ ಅವಳ ಮುಖದ ಮೇಲೆ. ನನ್ನ ಅನುಮಾನಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಕೂಸಿಗೋ ದೊಡ್ಡವರಿಗೋ, ಯಾವಾಗ ಎಂಬ ಈ ಜಗಳವನ್ನು ನಾನು ಈ ವಯಸ್ಸಿನವರೆಗೂ ಮನಸ್ಸಿನೊಳಗೆ ಹೊರಳಿಸುತ್ತಲೇ ಇದ್ದೇನೆ, ಸ್ನೇಹಿತರೇ. ನನ್ನನ್ನು ಕೇಳದೆಯೇ ನನಗೆ ನೀರು ಹಾಕಿದರು. ನನ್ನನ್ನು ಕೇಳದೆಯೇ ಕನ್ನಡ ಕೊಟ್ಟರು, ಬೀದಿಗಿಳಿದರೆ ತೆಲುಗು ಕೊಟ್ಟರು, ಕಾನ್ವೆಂಟಿಗೆ ಹಾಕಿ ಇಂಗ್ಲಿಷ್ ಕೊಟ್ಟರು. ಕೇಳಿ ಕೊಟ್ಟಿದ್ದರೆ ಇವುಗಳಲ್ಲಿ ಯಾವುದನ್ನು ಬೇಡವೆನ್ನುತ್ತಿದ್ದೆ? ಪ್ರೀತಿಗೆ ಕಾಯುವ ವ್ಯವಧಾನವಿಲ್ಲ ಎಂದು ಒಮ್ಮೆ ಅನ್ನಿಸುತ್ತದೆ. ಮರುಗಳಿಗೆಗೆ, ಕಾಯಲಾರದ ಪ್ರೀತಿಯ ಮೇಲೆಯೇ ಸಂಶಯ ಬರುತ್ತದೆ. ಕೂಸಿನ ಹೆಸರಿನಲ್ಲಿ ನಾವು ನಮ್ಮ ಹೆದರಿಕೆಯನ್ನೇ ತೊಳೆದುಕೊಳ್ಳುತ್ತಿದ್ದೇವೆಯೋ ಏನೋ. ಹಾಗಾದರೆ ಬುದ್ಧಿ ಬಲಿಯುವವರೆಗೆ ಕಾಯುವವರು ಸಾಚಾ ಎನ್ನೋಣವೇ? ಅದನ್ನೂ ಕಣ್ಣಾರೆ ನೋಡಿದ್ದೇನೆ.

ತೊಂಬತ್ತರ ದಶಕದ ಆರಂಭದಲ್ಲಿ, ಕಾಲೇಜಿಗೆ ಹೋಗುತ್ತಿದ್ದ ಕೃಪಾ ಸ್ನಾನ ತೆಗೆದುಕೊಳ್ಳುತ್ತಾಳೆಂದು ನಮ್ಮನ್ನು ಕಲ್ಯಾಣದುರ್ಗಕ್ಕೆ ಕರೆದರು. ಪ್ರಾರ್ಥನೆಯ ಹಾಲಿನ ಪಕ್ಕದಲ್ಲಿ ಸಿಮೆಂಟಿನ ತೊಟ್ಟಿ. ಬಿಳಿಯ ಸೀರೆಯುಟ್ಟು ಎದೆಮಟ್ಟದ ನೀರಿನಲ್ಲಿ ನಿಂತ ಹುಡುಗಿಯನ್ನು ಪಾಸ್ಟರು ತೆಲುಗಿನಲ್ಲಿ, ನಂಬಿದ್ದೀಯಾ ಎಂದು ಕೇಳಿದರು. ಕೃಪಾ ಉತ್ತರ ಕೊಡುವ ಮುಂಚೆ ಕಣ್ಣೆತ್ತಿ ತೊಟ್ಟಿಯ ಅಂಚಿನಲ್ಲಿದ್ದ ಅಪ್ಪನ ಮುಖ ನೋಡಿದಳು. ಆಮೇಲೆ ಹೌದೆಂದಳು. ಯಾರ ಬಾಯಿ ಅದು? ಹದಿನೆಂಟು ವರ್ಷ ಅಪ್ಪನ ಅನ್ನ ಉಂಡ ಬಾಯಿ, ಅಪ್ಪನ ಸಭೆಯ ಹಾಡು ಹಾಡಿದ ಬಾಯಿ. ಕಾದರೂ ಅಷ್ಟೆ, ಕಾಯದಿದ್ದರೂ ಅಷ್ಟೆ. ಮಗು ನಮ್ಮ ಮುಖ ನೋಡಿಯೇ ಹೌದೆನ್ನುತ್ತದೆ ಎಂದುಕೊಂಡೆ. ಆ ಹೊತ್ತಿಗೆ ಜೀವರತ್ನಂ ಮಗಳ ನೋಟವನ್ನು ಎದುರಿಸಲಾರದವನ ಹಾಗೆ ತಲೆ ತಗ್ಗಿಸಿದ್ದು ನನಗೆ ವಿಚಿತ್ರವಾಗಿ ಕಂಡಿತು. ಆತನ ಮೇಲೂ ಒಂದು ಅನುಮಾನ ಅಂದು ಹುಟ್ಟಿತಾದರೂ ಅದು ಏನೆಂದು ತಿಳಿಯಲಿಲ್ಲ. ಅಮ್ಮನಂತೂ ಹೊಂಗೆಮರದ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು, ನಗುನಗುತ್ತ ಪಲಾವು ತಿಂದಳು.

ವಾಪಸು ಬರುವ ಬಸ್ಸಿನಲ್ಲಿ ನಾನು ತಡೆಯಲಾರದೆ ಕೇಳಿಯೇಬಿಟ್ಟೆ. "ಅಮ್ಮಾ, ನಿಜ ಹೇಳು. ಅವತ್ತು ಬಚ್ಚಲಲ್ಲಿ..."

"ಕಿಟ್ಕಿ ಹಾಕು," ಎಂದಳು ಅಮ್ಮ. "ಧೂಳು ಬತ್ತಾ ಅದೆ."

ಅಷ್ಟೇ ಅವಳ ಉತ್ತರ. ಅದನ್ನೇ ಇಟ್ಟುಕೊಂಡು ಅವಳು ಮುಂದೊಂದು ಮಾಗಿಯಲ್ಲಿ, ನಿದ್ದೆಯಲ್ಲೇ, ಹೊರಟುಹೋದಳು.

ಜೀವರತ್ನಂನನ್ನು ನಾನು ಕೊನೆಯ ಸಲ ನೋಡಿದ್ದು ಅಮ್ಮ ಹೋದ ಮರುವರ್ಷ, ಹಿಂದೂಪುರದ ಬಸ್‌ಸ್ಟ್ಯಾಂಡಿನಲ್ಲಿ. ಮಿಲ್ಲಿಗೆ ಮೆಷೀನಿನ ಬೆಲ್ಟು ಕೊಳ್ಳಲು ಬಂದಿದ್ದ. ಫಿಲುಗೆಂದು ಹುಣಸೆಹಣ್ಣಿನ ಗಂಟು ಕೊಡಲು ನಾನು ಹೋಗಿದ್ದೆ. ತಲೆ ಪೂರ್ತಿ ನರೆತಿತ್ತು. ಆ ಹೊತ್ತಿಗೆ ಆತ ತನ್ನ ಸಭೆಯ ಹಿರಿಯರಲ್ಲಿ ಒಬ್ಬ. ಬಸ್ಸು ಹೊರಡಲು ಇನ್ನೂ ಸಮಯವಿತ್ತು. ಬೆಲ್ಟಿನ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತವನು ಇದ್ದಕ್ಕಿದ್ದಂತೆ ಕೇಳಿದ.

"ಅಕ್ಕಾ, ಅತ್ತಮ್ಮ ಹೋಗ್ಬುಟ್ರು. ಈಗ ಕೋಪ ಗೀಪ ಏನಿಲ್ಲ. ಅವತ್ತು ಮಗೀಗೆ ನೀರು ಹಾಕಿದ್ರಾ, ಇಲ್ವಾ?"

ನನಗೆ ಮೈ ಉರಿಯಿತು. ಸತ್ತವಳನ್ನೂ ಬಿಡುವುದಿಲ್ಲವಲ್ಲ ಈ ಮನುಷ್ಯ! "ಯಾಕೆ? ಹಾಕಿದ್ದರೆ ಈಗ ಒರೆಸ್ತೀರಾ?"

ಆತ ಬೆಲ್ಟನ್ನು ಸವರಿದ. "ಪಾವಗಡ ದಾಟಿದ್ಮೇಲೆ ಮಗೀಗೆ ಫಿಟ್ಸ್ ಬಂತು ಅಕ್ಕ. ಕಣ್ಣು ಮೇಲಕ್ಕೋಗ್ಬುಟ್ವು. ಫಿಲು ಕಿಟ್ಕಿ ಆಚೆ ತಲೆ ಹಾಕ್ಕೊಂಡು ವಾಂತಿ ಮಾಡ್ಕೊಂತಿದ್ಲು, ಬಸ್ಸು ಅಂದ್ರೆ ಅವ್ಳಿಗೆ ಆಗಾಕಿಲ್ವಲ್ಲ. ಡ್ರೈವರ್ ಹಿಂದ್ಗಡೆ ಇಂಜಿನ್‌ಗೆ ಅಂತ ನೀರಿನ ಕ್ಯಾನು ಮಡಗಿದ್ರು. ಅದರ ಮುಚ್ಚಳದಲ್ಲಿ ಬಗ್ಗಿಸ್ಕೊಂಡೆ. ಚಿಕ್ಕೋನಾಗಿದ್ದಾಗ ಕಲ್ತಿದ್ದು, ಮಾತೆಲ್ಲ ತಾನಾಗೇ ಬಂದ್ಬುಡ್ತು."

ಅಮ್ಮನ ಮೇಲೆ, ನರಸಮ್ಮನ ಮೇಲೆ, ಸಿಸ್ಟರುಗಳ ಮೇಲೆ ಕಾವಲು ಹಾಕಿದವನ ಮೇಲೆ ಕಾವಲು ಹಾಕುವುದು ನಮಗೆ ಯಾರಿಗೂ ಹೊಳೆದಿರಲಿಲ್ಲ.

"ಫಿಲುಗೆ ಗೊತ್ತಾ?"

"ಯಾರ್ಗೂ ಗೊತ್ತಿಲ್ಲ. ನಮ್ಮೋರಲ್ಲಿ ಅದು ಲೆಕ್ಕಕ್ಕಿಲ್ಲ, ಬುಡಿ. ನಿಮ್ಮೋರಲ್ಲಿ? ಇಂಜಿನ್ ನೀರು ನಡೀತದಾ?"

"ನೀರಾದರೆ ಸಾಕು," ಎಂದೆ, ಕಾನ್ವೆಂಟಿನಲ್ಲಿ ಕಲಿತ ಹುಡುಗಿಯ ದನಿಯಲ್ಲಿ. "ತಲೆಯ ಮೇಲೆ ಹರಿಯಬೇಕು, ಅಷ್ಟೆ."

"ಅದೇ ಅಕ್ಕ," ಎಂದ ಜೀವರತ್ನಂ. "ಅದಕ್ಕೇ ಕೇಳಿದ್ದು. ಕೃಪಾ ದೊಡ್ಡೋಳಾಗಿ ಸ್ನಾನ ತಗೊಂಡ್ಲು, ಎಲ್ಲ ಸರಿ ಹೋಯ್ತು. ಆದ್ರೂ ಆ ಬಸ್ಸು ನೆಪ್ಪಾದ್ರೆ ಎದೆ ಹೊಡ್ಕೊತದೆ. ಅವತ್ತೇ ಮಗು ಹೋಗ್ಬುಟ್ಟಿದ್ರೆ? ನಾನು ಹಾಕಿದ್ದು ತಲೆ ಮೇಲೆ ಬಿತ್ತೋ, ನನ್ನ ಅಂಗಿ ಮೇಲೆ ಬಿತ್ತೋ, ಕಾಣ್ಲಿಲ್ಲ. ರೋಡು ಹಂಗಿತ್ತು. ಅತ್ತ‌ಮ್ಮ ಮೊದ್ಲೇ ಹಾಕಿದ್ರೆ ಒಳ್ಳೇದಾಯ್ತಿತ್ತು."

ಇಪ್ಪತ್ತು ವರ್ಷ ಅಮ್ಮನ ವಿರುದ್ಧ ನಾನು ಕೂಡಿಟ್ಟ ಅನುಮಾನವೆಲ್ಲ ಆ ಗಳಿಗೆಯಲ್ಲಿ ಅಮ್ಮನ ಪರವಾಗಿ ತಿರುಗಿ ನಿಂತಿತು. ಅಂಟಿಕೊಂಡಿದ್ದ ಆ ಕೂದಲು, ಆ ಉಪ್ಪಿಟ್ಟು, ಪಲಾವು ತಿನ್ನುವಾಗಿನ ಆ ನಗು. ನಾನು ಕಂಡದ್ದು ಒದ್ದೆಬಟ್ಟೆ ಮಾತ್ರ ಎಂಬುದನ್ನು ಮರೆಯದೆಯೇ ಹೇಳಿದೆ: "ಹಾಕೇ ಹಾಕಿರ್ತಾಳೆ ರತ್ನಂ. ನಮ್ಮಮ್ಮ ಅವಳು."

ಆತ ತಲೆಯಾಡಿಸಿದ. ಕಲ್ಯಾಣದುರ್ಗದ ಬಸ್ಸು ಬಂದು ನಿಂತಿತು. ಹುಣಸೆಹಣ್ಣಿನ ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು, "ಬತ್ತೀನಿ ಅಕ್ಕ," ಎಂದು ಹತ್ತಿ, ಬೇರೆ ಸೀಟುಗಳು ಖಾಲಿ ಇದ್ದರೂ ಡ್ರೈವರಿನ ಹಿಂದಿನ ಸೀಟಿಗೇ ಹೋಗಿ ಕುಳಿತ. ಸ್ಟ್ಯಾಂಡಿನ ಗೇಟಿನ ಹಳ್ಳ ಇಳಿದು ಬಸ್ಸು ಹತ್ತುವಾಗ ಆ ಬೆಳ್ಳನೆಯ ತಲೆ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಕುಲುಕಿತು, ಆಮೇಲೆ ಧೂಳು.